ಮೆಟ್ಟಿಲ ಕೆಳಗೆ ಸಿಕ್ಕ ಬಳ್ಳಿ: ಇದು ಯಾವ ಗಿಡ, ಉಳಿಸಿಕೊಳ್ಳುವುದು ಹೇಗೆ?

ಮುಂಜಾವು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪಕ್ಕದ ಮನೆಯನ್ನು ಖಾಲಿ ಮಾಡಿದವರು ಮೆಟ್ಟಿಲ ಕೆಳಗೆ ಬಿಟ್ಟುಹೋಗಿದ್ದ ಕುಂಡವೊಂದನ್ನು ನಾಲ್ಕು ದಿನಗಳ ಹಿಂದೆ ಒಳಗೆ ತಂದಿಟ್ಟುಕೊಂಡಿದ್ದೇನೆ. ಅದು ಎಷ್ಟು ದಿನದಿಂದ ಅಲ್ಲಿತ್ತೋ ತಿಳಿಯದು. ಫೋಟೊ ತೆಗೆದರೆ ಎಲೆಯ ಹೊಳಪಷ್ಟೇ ಕಾಣುತ್ತದೆ, ವಿವರಗಳು ಸಿಗುವುದಿಲ್ಲ. ಆದ್ದರಿಂದ ಮಾತಿನಲ್ಲೇ ವಿವರಿಸುತ್ತೇನೆ.

ಸುಮಾರು 12 ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ಕುಂಡವನ್ನು ಅಂದವಾದ ಪಿಂಗಾಣಿ ಕುಂಡವೊಂದರ ಒಳಗೆ ಇಳಿಸಿಟ್ಟಿದ್ದರು. ಬಳ್ಳಿಗೆ ಎರಡು ಕವಲುಗಳಿವೆ. ಒಂದು 60 ಸೆಂಟಿಮೀಟರ್‌ನಷ್ಟು ಉದ್ದವಿದ್ದು, ಇನ್ನೊಂದು ಅದಕ್ಕಿಂತ ಸ್ವಲ್ಪ ಗಿಡ್ಡವಾಗಿದೆ. ಒಟ್ಟು 14 ಎಲೆಗಳು ಉಳಿದಿವೆ. ಮೊಟ್ಟೆಯಾಕಾರದ, ದಪ್ಪ ಚರ್ಮದಂತಹ, ಕಡುಹಸಿರಿನ ಎಲೆಗಳವು. ಈಗ ಮಾತ್ರ ಬಹುಪಾಲು ಎಲೆಗಳು ಮೆತ್ತಗಾಗಿ, ಉದ್ದುದ್ದಕ್ಕೆ ಸುಕ್ಕುಗಟ್ಟಿವೆ. ಉದ್ದದ ಕವಲಿನ ತುದಿಯಲ್ಲಿ ಎಲೆಯೇ ಇಲ್ಲದ, ದಾರದಷ್ಟು ತೆಳುವಾದ ಕುಡಿಯೊಂದು ಒಂದು ಅಡಿಯಷ್ಟು ಚಾಚಿಕೊಂಡಿದೆ. ಇನ್ನೊಂದು ಕವಲಿನ ಮಧ್ಯದಲ್ಲಿ, ಎಲೆ ಹೊರಡುವ ಜಾಗದ ಪಕ್ಕದಲ್ಲೇ, ಎರಡು ಸೆಂಟಿಮೀಟರ್ ಉದ್ದದ ಮೊಂಡು ಕಡ್ಡಿಯೊಂದಿದೆ. ಅದರ ತುದಿಯಲ್ಲಿ ಒತ್ತೊತ್ತಾಗಿ ಸಣ್ಣ ಚುಕ್ಕೆಗಳಂತಹ ಗುರುತುಗಳಿವೆ.

ಇದು ಯಾವ ಗಿಡ? ಎಲೆ ಸುಕ್ಕುಗಟ್ಟಿರುವುದರಿಂದ ನೀರು ಹಾಕಿದೆ. ಎರಡು ದಿನ ಕಳೆದರೂ ಎಲೆಗಳು ಚೇತರಿಸಿಕೊಂಡಿಲ್ಲ. ಇದನ್ನು ಕಳೆದುಕೊಳ್ಳಲು ನನಗೆ ಮನಸ್ಸಿಲ್ಲ.

ಕುಂಡದಂಚು

ನೀವು ಹೇಳುವುದನ್ನು ನೋಡಿದರೆ ಮನಿ ಪ್ಲಾಂಟ್ ಇರಬಹುದು ಅನ್ನಿಸುತ್ತದೆ. ಎಲೆ ಅಷ್ಟು ದಪ್ಪವಾಗಿದ್ದರೆ ಪೆಪರೋಮಿಯಾ ಕೂಡ ಆಗಿರಬಹುದು. ಹೆಸರು ಏನೇ ಇರಲಿ, ಜಾಗ ಬದಲಾದ ಗಿಡಕ್ಕೆ ಮತ್ತೊಂದು ಆಘಾತ ಕೊಡಬೇಡಿ ಎಂಬುದಷ್ಟೇ ನನ್ನ ಸಲಹೆ. ಕುಂಡ ಬದಲಿಸುವುದು, ಕತ್ತರಿಸುವುದು, ಗೊಬ್ಬರ ಹಾಕುವುದು, ಇವೆಲ್ಲವನ್ನೂ ಎರಡು ವಾರಗಳ ಮಟ್ಟಿಗೆ ಮುಂದೂಡಿ. ಬೆಳಕಿರುವ ಕಿಟಕಿಯ ಬಳಿ ಇಟ್ಟು ಸುಮ್ಮನಿರಿ. ಮನೆಯ ಬೇರೆ ಗಿಡಗಳಿಂದ ದೂರದಲ್ಲಿಡಿ, ಏಕೆಂದರೆ ಹೊರಗಿನಿಂದ ಬಂದ ಗಿಡದ ಜೊತೆ ಕೀಟಗಳೂ ಬರುತ್ತವೆ.

ಎಲೆತೊಟ್ಟು

ಮನಿ ಪ್ಲಾಂಟ್ ಎಂದಾಗಲಿ, ಪೆಪರೋಮಿಯಾ ಎಂದಾಗಲಿ ನಿರ್ಧರಿಸುವ ಮೊದಲು ಮೂರು ವಿಷಯಗಳನ್ನು ನೋಡಿ ತಿಳಿಸಬೇಕೆಂದು ಕೋರುತ್ತೇನೆ. ಎಲೆಯ ಬಣ್ಣ ಮತ್ತು ಆಕಾರಗಳನ್ನು ನಂಬಿ ಗಿಡ ಗುರುತಿಸಲು ಹೊರಟರೆ ಮೋಸಹೋಗುವುದೇ ಹೆಚ್ಚು. ಬೆಳಕು, ನೀರು, ವಯಸ್ಸುಗಳಿಗೆ ತಕ್ಕಂತೆ ಅವೆರಡೂ ಬದಲಾಗುತ್ತವೆ. ಗಿಡದ ಕಟ್ಟಡ ಮಾತ್ರ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ.

ಮೊದಲನೆಯದು, ಒಂದು ಗೆಣ್ಣಿನಿಂದ ಎಷ್ಟು ಎಲೆಗಳು ಹೊರಡುತ್ತವೆ ಎಂಬುದು. ಮನಿ ಪ್ಲಾಂಟಿನಲ್ಲಿ ಪ್ರತಿ ಗೆಣ್ಣಿಗೆ ಒಂದೇ ಎಲೆ. ಒಂದು ಈ ಕಡೆ ಬಂದರೆ ಮುಂದಿನದು ಆ ಕಡೆ ಬರುತ್ತದೆ. ದಪ್ಪ ಎಲೆಯ ಪೆಪರೋಮಿಯಾದಲ್ಲೂ ಸಾಮಾನ್ಯವಾಗಿ ಹೀಗೆಯೇ. ನಿಮ್ಮ ಗಿಡದಲ್ಲಿ ಎಲೆಗಳು ಎದುರುಬದುರಾಗಿ, ಜೋಡಿಯಾಗಿ ಇದ್ದರೆ ಈ ಎರಡನ್ನೂ ಪಟ್ಟಿಯಿಂದ ಕೈಬಿಡಬಹುದು. ಕೆಲವು ಎಲೆಗಳು ಉದುರಿರುವ ಸಾಧ್ಯತೆ ಇರುವುದರಿಂದ, ಈಗ ಇರುವ ಎಲೆಗಳನ್ನಷ್ಟೇ ಅಲ್ಲದೆ, ಗೆಣ್ಣಿನ ಮೇಲಿನ ಉದುರಿದ ಗಾಯದ ಗುರುತುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಎರಡನೆಯದು ಸೊನೆ. ಬಾಡಿದ ಗಿಡದ ಎಲೆಯ ತುದಿಯನ್ನು ಚುಚ್ಚಿದರೆ ಏನೂ ಬಾರದಿರಬಹುದು. ಆದ್ದರಿಂದ ಗಟ್ಟಿಯಾಗಿರುವ ಕಾಂಡದ ಮೇಲೆ ಸೂಜಿಯಿಂದ ಮೆಲ್ಲಗೆ ಚುಚ್ಚಿ, ಬರುವ ದ್ರವ ನೀರಿನಂತಿದೆಯೋ ಹಾಲಿನಂತಿದೆಯೋ ನೋಡಿ. ಹಾಲು ಬಂದರೆ ಕಣ್ಣಿಗೆ, ಬಾಯಿಗೆ ತಾಕದಂತೆ ಎಚ್ಚರ ವಹಿಸಿ, ಕೂಡಲೇ ಕೈ ತೊಳೆದುಕೊಳ್ಳಿ. ಹಾಲು ಸುರಿಸುವ ಗಿಡಗಳಲ್ಲಿ ಕಣಗಿಲೆಯಂತಹ ಕಡು ವಿಷದವೂ ಇವೆ. ಹೆಸರು ಗೊತ್ತಾಗುವವರೆಗೆ ಮಕ್ಕಳ ಮತ್ತು ಸಾಕುಪ್ರಾಣಿಗಳ ಕೈಗೆ ಸಿಗದ ಜಾಗದಲ್ಲಿಡಿ.

ಮೂರನೆಯದಾಗಿ, ಗೆಣ್ಣುಗಳ ಆಸುಪಾಸಿನಲ್ಲಿ ಸಣ್ಣ ಬಿಳಲುಗಳು ಇವೆಯೇ ಎಂದು ನೋಡಿ. ಆ ಮೊಂಡು ಕಡ್ಡಿಯ ವಿಷಯ ನನಗೆ ಬಹಳ ಕುತೂಹಲ ಹುಟ್ಟಿಸಿದೆ. ದಯವಿಟ್ಟು ಅದನ್ನು ಮುರಿಯಬೇಡಿ.

ಮುಂಜಾವು

ಬಹಳ ಉಪಕಾರವಾಯಿತು. ನೋಡಿದೆ. ಎಲೆಗಳು ಎದುರುಬದುರಾಗಿಯೇ ಇವೆ. ಒಂಟಿ ಎಲೆ ಇರುವ ಕಡೆಗಳಲ್ಲೆಲ್ಲ ಎದುರಿಗೆ ಉದುರಿದ ಎಲೆಯ ಗುರುತು ಇದೆ. ಕಾಂಡವನ್ನು ಚುಚ್ಚಿದಾಗ ಸಣ್ಣ ಮಣಿಯಷ್ಟು ಅಚ್ಚ ಬಿಳಿ ಹಾಲು ಬಂದಿತು. ಗೆಣ್ಣುಗಳ ಕೆಳಗೆ ಮುಳ್ಳಿನಂತೆ ಕಾಣುವ, ಆದರೆ ಮುಟ್ಟಿದರೆ ಚುಚ್ಚದ ಗಿಡ್ಡ ಬಿಳಲುಗಳಿವೆ.

ಒಂದು ತಪ್ಪನ್ನು ಹೇಳಿಕೊಳ್ಳಬೇಕು. ನಿಮ್ಮ ಉತ್ತರ ಬರುವ ಮೊದಲೇ, ಎಲೆಯಿಲ್ಲದ ಆ ಉದ್ದನೆಯ ಕುಡಿ ಸತ್ತಿದೆ ಎಂದು ತಿಳಿದು ಕತ್ತರಿಸಿಬಿಟ್ಟಿದ್ದೆ. ಕತ್ತರಿಸಿದ ಜಾಗದಿಂದಲೂ ಹಾಲು ಬಂದಿತು. ಸತ್ತ ಕಡ್ಡಿಯಲ್ಲಿ ಹಾಲು ಇರಲಾರದು ಎಂಬುದು ಆಮೇಲೆ ಹೊಳೆದು ತುಂಬ ಬೇಸರವಾಯಿತು. ಮೊಂಡು ಕಡ್ಡಿಯನ್ನು ಮಾತ್ರ ಮುಟ್ಟಿಲ್ಲ.

ಎಲೆತೊಟ್ಟು

ಹಾಗಾದರೆ ಇದು ಹೋಯಾ ಎಂದು ಧೈರ್ಯವಾಗಿ ಹೇಳಬಹುದು. ಮೇಣದಲ್ಲಿ ಮಾಡಿಟ್ಟಂತೆ ಕಾಣುವ ಹೂಗಳಿಂದಾಗಿ ಮೇಣದ ಹೂವಿನ ಬಳ್ಳಿ ಎಂದೂ ಕರೆಯುವುದುಂಟು.

ಈ ತೀರ್ಮಾನಕ್ಕೆ ಬಂದ ದಾರಿಯನ್ನೂ ವಿವರಿಸುತ್ತೇನೆ. ಹಾಲು ಇದೆ ಎಂದಾಗ ಮೊದಲು ನೆನಪಾಗುವುದು ಆಲ, ಅತ್ತಿಗಳ ಬಳಗದ ಫೈಕಸ್‌ಗಳು. ಆದರೆ ಮನೆಯೊಳಗೆ ಸಾಮಾನ್ಯವಾಗಿ ಬೆಳೆಸುವ ಫೈಕಸ್‌ಗಳಲ್ಲಿ ಎಲೆಗಳು ಜೋಡಿಯಾಗಿ ಬರುವುದಿಲ್ಲ. ಜೋಡಿ ಎಲೆ, ದಪ್ಪ ಎಲೆ ಎಂದರೆ ಜೇಡ್ ಗಿಡವೂ ನೆನಪಿಗೆ ಬರುತ್ತದೆ. ಆದರೆ ಅದರಲ್ಲಿ ಹಾಲಿಲ್ಲ, ಅದು ಬಳ್ಳಿಯೂ ಅಲ್ಲ. ಜೋಡಿ ಎಲೆ, ಬಿಳಿ ಹಾಲು, ಬಳ್ಳಿಯ ಸ್ವಭಾವ, ಗೆಣ್ಣಿನ ಬಿಳಲು, ಈ ನಾಲ್ಕೂ ಒಟ್ಟಿಗೆ ಸಿಗುವುದು ಹೋಯಾದಲ್ಲಿ ಮತ್ತು ಅದರ ಹತ್ತಿರದ ಬಂಧುವಾದ ಡಿಸ್ಕಿಡಿಯಾದಲ್ಲಿ. ಮನೆಗಳಲ್ಲಿ ಬೆಳೆಸುವ ಡಿಸ್ಕಿಡಿಯಾಗಳ ಎಲೆಗಳು ಸಾಮಾನ್ಯವಾಗಿ ನಾಣ್ಯದಷ್ಟು ಚಿಕ್ಕವು. ಉಳಿದ ಅನುಮಾನವನ್ನು ಆ ಮೊಂಡು ಕಡ್ಡಿ ಪರಿಹರಿಸುತ್ತದೆ. ಅದು ಹಳೆಯ ಹೂಗೊಂಚಲಿನ ತೊಟ್ಟು. ತುದಿಯ ಚುಕ್ಕೆಗಳು ಹಿಂದೆ ಅರಳಿ ಉದುರಿದ ಒಂದೊಂದು ಹೂವಿನ ಗುರುತುಗಳು. ಎಂದರೆ, ನಿಮ್ಮ ಕೈಗೆ ಸಿಕ್ಕಿರುವುದು ಹೂ ಬಿಟ್ಟು ಅನುಭವವಿರುವ, ವಯಸ್ಸಾದ ಬಳ್ಳಿ. ಹೋಯಾ ಅದೇ ತೊಟ್ಟಿನಿಂದ ವರ್ಷ ವರ್ಷವೂ ಮತ್ತೆ ಹೂ ಬಿಡುತ್ತದೆ. ಒಣಗಿದಂತೆ ಕಾಣುತ್ತದೆ ಎಂದು ಅದನ್ನು ಕಿತ್ತರೆ ಮುಂದಿನ ಹೂಗಳನ್ನೇ ಕಿತ್ತಂತಾಗುತ್ತದೆ.

ಎಲೆಯಿಲ್ಲದ ಕುಡಿಯನ್ನು ಕತ್ತರಿಸಿದ್ದಕ್ಕೆ ಅಷ್ಟೊಂದು ನೊಂದುಕೊಳ್ಳಬೇಡಿ. ಹಬ್ಬಲು ಆಸರೆ ಹುಡುಕುತ್ತಾ ಹೋಯಾ ಮೊದಲು ಬರಿಯ ಕುಡಿಯನ್ನು ಚಾಚುತ್ತದೆ. ಆಸರೆ ಸಿಕ್ಕಿದ ಮೇಲೆ ಅದರಲ್ಲೇ ಎಲೆ ಮೂಡುತ್ತದೆ. ಬೇರು ಚೇತರಿಸಿಕೊಂಡರೆ ಕತ್ತರಿಸಿದ ಜಾಗದ ಕೆಳಗಿನ ಗೆಣ್ಣಿನಿಂದ ಹೊಸ ಕುಡಿ ಹೊರಡಲು ಅವಕಾಶವಿದೆ.

ಹೆಸರಿನ ಕಥೆಯನ್ನೂ ಹೇಳುವೆ. ಈ ಗುಂಪಿನಲ್ಲಿ ಅತಿ ಪರಿಚಿತವಾದ ಹೋಯಾ ಕಾರ್ನೋಸಾವನ್ನು 1782ರಲ್ಲಿ ಮೊದಲು ವಿವರಿಸಿದಾಗ ಆಸ್ಕ್ಲೇಪಿಯಾಸ್ ಕುಲಕ್ಕೆ ಸೇರಿಸಲಾಗಿತ್ತು. 1810ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಇವುಗಳಿಗೆ ಪ್ರತ್ಯೇಕ ಕುಲವನ್ನು ರಚಿಸಿ, ಇಂಗ್ಲೆಂಡಿನ ಸಯಾನ್ ಹೌಸ್ ತೋಟದ ಮುಖ್ಯಸ್ಥರಾಗಿದ್ದ ತಾಮಸ್ ಹಾಯ್ ಅವರ ಹೆಸರಿಟ್ಟರು. ಕಾರ್ನೋಸಾ ಎಂದರೆ ಮಾಂಸಲವಾದದ್ದು ಎಂದರ್ಥ, ಎಲೆಯನ್ನು ಮುಟ್ಟಿದವರಿಗೆ ಕಾರಣ ತಿಳಿಯುತ್ತದೆ. ನಮಗೆಲ್ಲ ಗೊತ್ತಿರುವ ಎಕ್ಕದ ಗಿಡ ಇದರ ಬಂಧು. ಎಕ್ಕದಲ್ಲೂ ಜೋಡಿ ಎಲೆ, ಬಿಳಿ ಹಾಲು, ಐದು ಮೂಲೆಯ ಹೂವಿನ ನಡುವೆ ಕಿರೀಟ. ಬಂಧುವಾದರೂ ಹೋಯಾ ಎಕ್ಕದಷ್ಟು ಅಪಾಯಕಾರಿಯಲ್ಲ. ಬೆಕ್ಕು ನಾಯಿಗಳಿಗೆ ಇದು ವಿಷವಲ್ಲ ಎಂದೇ ಪರಿಗಣಿಸಲಾಗಿದೆ, ಆದರೂ ಹಾಲು ಚರ್ಮಕ್ಕೆ ತಾಕಿದರೆ ಕೆಲವರಿಗೆ ತುರಿಕೆಯಾಗುತ್ತದೆ.

ಬೇರುಬಿಳಲು

ಹೆಸರು ತಿಳಿದದ್ದು ಒಳ್ಳೆಯದಾಯಿತು, ಏಕೆಂದರೆ ಆರೈಕೆಯ ದಾರಿ ಈಗ ಬದಲಾಗುತ್ತದೆ. ಹೋಯಾ ಕಾಡಿನಲ್ಲಿ ಬಹುಮಟ್ಟಿಗೆ ಮರಗಳ ಮೇಲೆ ಬೆಳೆಯುವ ಬಳ್ಳಿ. ಬಂದಳಿಕೆಯಂತೆ ಮರದ ರಸವನ್ನು ಹೀರುವುದಿಲ್ಲ. ಸೀತಾಳೆಯಂತೆ ತೊಗಟೆಯ ಸಂದಿನಲ್ಲಿ ಬೇರೂರಿ, ಮಳೆ ಬಂದಾಗ ಕುಡಿದು, ಆಮೇಲೆ ಗಾಳಿಗೆ ಒಣಗುತ್ತದೆ. ಅದರ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ನೀರನ್ನು ದಪ್ಪ ಎಲೆಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಹೋಯಾ ಕಾರ್ನೋಸಾ ಎಲೆಯ ರಂಧ್ರಗಳನ್ನು ಮುಖ್ಯವಾಗಿ ರಾತ್ರಿ ತೆರೆಯುವ ಗಿಡವಾದ್ದರಿಂದ ಹಗಲಿನ ಬಿಸಿಲಿಗೆ ಕಳೆದುಕೊಳ್ಳುವ ನೀರು ಕಡಿಮೆ. ಇಂತಹ ಗಿಡ ನೀರಿಲ್ಲದೆ ವಾರಗಟ್ಟಲೆ ತಡೆದುಕೊಳ್ಳುತ್ತದೆ, ನಿಂತ ನೀರಿನಲ್ಲಿ ಮಾತ್ರ ಬೇಗ ಸೋಲುತ್ತದೆ.

ನಿಮ್ಮ ಮೊದಲ ಬರಹದ ಎರಡು ಮಾತುಗಳು ನನ್ನನ್ನು ಕಾಡುತ್ತಿವೆ. ಪಿಂಗಾಣಿ ಕುಂಡದೊಳಗೆ ಇಳಿಸಿಟ್ಟಿದ್ದರು ಎಂದಿರಿ. ಆ ಹೊರಗಿನ ಕುಂಡಕ್ಕೆ ತೂತು ಇದೆಯೇ? ಅಂದಕ್ಕಾಗಿ ಇಡುವ ಇಂತಹ ಕುಂಡಗಳಿಗೆ ಬಹಳ ಸಲ ತೂತು ಇರುವುದಿಲ್ಲ, ಸೋರಿದ ನೀರು ತಳದಲ್ಲೇ ನಿಂತು ಒಳಕುಂಡದ ಮಣ್ಣನ್ನು ಸದಾ ನೆನೆಸುತ್ತಿರುತ್ತದೆ. ಇನ್ನೊಂದು, ನೀರು ಹಾಕಿ ಎರಡು ದಿನವಾದರೂ ಎಲೆ ಬಿಗಿಯಾಗಲಿಲ್ಲ ಎಂಬುದು. ಎಲೆ ಸುಕ್ಕುಗಟ್ಟಿದೆ ಎಂದರೆ ಎಲೆಗೆ ನೀರು ತಲುಪುತ್ತಿಲ್ಲ ಎಂದಷ್ಟೇ ಅರ್ಥ. ಮಣ್ಣಿನಲ್ಲಿ ನೀರಿಲ್ಲದಿದ್ದರೂ ಹಾಗಾಗುತ್ತದೆ, ನೀರಿದ್ದು ಅದನ್ನು ಎತ್ತಿಕೊಡುವ ಬೇರು ಕೊಳೆತಿದ್ದರೂ ಹಾಗೆಯೇ ಆಗುತ್ತದೆ. ಹೊರನೋಟಕ್ಕೆ ಎರಡೂ ಒಂದೇ, ಚಿಕಿತ್ಸೆ ಮಾತ್ರ ತದ್ವಿರುದ್ಧ. ಬರಿದೇ ಬಾಯಾರಿದ ಗಿಡವಾಗಿದ್ದರೆ ಇಷ್ಟು ಹೊತ್ತಿಗೆ ಸ್ವಲ್ಪವಾದರೂ ಚೇತರಿಕೆ ಕಾಣಬೇಕಿತ್ತು.

ಹೀಗಾಗಿ, ಇನ್ನು ಒಂದು ಹನಿ ನೀರನ್ನೂ ಹಾಕದೆ, ಕುಂಡವನ್ನು ಓರೆಯಾಗಿ ಹಿಡಿದು ಗಿಡವನ್ನು ಮಣ್ಣಿನ ಉಂಡೆಯ ಸಮೇತ ಮೆಲ್ಲಗೆ ಹೊರಕ್ಕೆ ಜಾರಿಸಿ. ವಾಸನೆ ನೋಡಿ. ಒಳ್ಳೆಯ ಮಣ್ಣಿಗೆ ಮಳೆ ಬಂದು ನಿಂತ ಮೇಲಿನ ವಾಸನೆ ಇರುತ್ತದೆ, ಕೊಳೆತದ್ದಕ್ಕೆ ಹುಳಿ ನಾತ. ಆಮೇಲೆ ಬೇರನ್ನು ಎರಡು ಬೆರಳುಗಳ ನಡುವೆ ಹಿಡಿದು ಎಳೆಯಿರಿ. ಜೀವವಿರುವ ಬೇರು ಗಟ್ಟಿಯಾಗಿರುತ್ತದೆ. ಕೊಳೆತ ಬೇರಿನ ಹೊರಸಿಪ್ಪೆ ಬೆರಳಿಗೇ ಬಂದು, ಒಳಗಿನ ನೂಲಿನಂತಹ ಎಳೆಯಷ್ಟೇ ಉಳಿಯುತ್ತದೆ.

ಕುಂಡದಂಚು

ಹಿರಿಯರ ಮಾತಿಗೆ ಎದುರಾಡುವ ಉದ್ದೇಶ ನನಗಿಲ್ಲ. ಆದರೆ ಈಗಾಗಲೇ ಬಳಲಿರುವ ಗಿಡವನ್ನು ಬುಡಸಮೇತ ಹೊರತೆಗೆದರೆ ಉಳಿದಿರುವ ನಾಲ್ಕು ಬೇರುಗಳೂ ಹರಿಯುವ ಭಯವಿದೆ. ಹೊಸ ಗಿಡ ತಂದ ಕೂಡಲೇ ಕುಂಡ ಬದಲಿಸಿ ನಾನೇ ಕಳೆದುಕೊಂಡ ಗಿಡಗಳಿವೆ. ಮಣ್ಣು ಒಣಗಲು ಬಿಟ್ಟು ಕಾದು ನೋಡಬಾರದೇಕೆ?

ಬೇರುಬಿಳಲು

ನೀವು ಹೇಳುವ ನಿಯಮ ಸರಿಯಾದದ್ದೇ, ಆದರೆ ಅದು ಆರೋಗ್ಯವಾಗಿರುವ ಗಿಡಕ್ಕೆ ಹೇಳಿದ್ದು. ನರ್ಸರಿಯಿಂದ ಚೆನ್ನಾಗಿರುವ ಗಿಡ ತಂದಾಗ ನಾನೂ ಕೆಲವು ವಾರ ಮುಟ್ಟುವುದಿಲ್ಲ. ಕೊಳೆ ಹಿಡಿದ ಬೇರು ಹಾಗೆ ಕಾಯುವುದಿಲ್ಲ. ನೀರು ತುಂಬಿದ ಮಣ್ಣಿನಲ್ಲಿ ಗಾಳಿ ಇಲ್ಲದೆ ಬೇರು ಉಸಿರುಕಟ್ಟಿ ಸಾಯುತ್ತದೆ. ಪಿಥಿಯಂ, ಫೈಟಾಫ್ತೊರಾಗಳಂತಹ ರೋಗಾಣುಗಳು ಆ ಸ್ಥಿತಿಯಲ್ಲೇ ಹೆಚ್ಚಿ, ಸತ್ತ ಬೇರಿನಿಂದ ಬದುಕಿರುವ ಬೇರಿಗೂ ಹರಡುತ್ತವೆ. ಎರಡು ವಾರ ಕಾದರೆ ಕಾಂಡದ ಬುಡವೇ ಹೋಗಬಹುದು. ನೋಡಿದ ಮೇಲೆ ಬೇರು ಚೆನ್ನಾಗಿದೆ ಎಂದಾದರೆ ಉಂಡೆಯನ್ನು ಹಾಗೆಯೇ ಒಳಗಿಳಿಸಿ ಸುಮ್ಮನಿರಲಿ. ಆಗ ನಿಮ್ಮ ಸಲಹೆಯೇ ಸರಿ.

ಮುಂಜಾವು

ಹೊರತೆಗೆದು ನೋಡಿದೆ. ಪಿಂಗಾಣಿ ಕುಂಡಕ್ಕೆ ತೂತು ಇಲ್ಲ, ತಳದಲ್ಲಿ ಎರಡು ಬೆರಳಿನಷ್ಟು ಕಪ್ಪು ನೀರು ನಿಂತಿತ್ತು. ನಾನು ಹಾಕಿದ ನೀರೂ ಅದಕ್ಕೇ ಸೇರಿದೆ. ನಾತ ಹುಳಿಯೇ. ಬೇರುಗಳಲ್ಲಿ ಮೂರರಲ್ಲಿ ಎರಡು ಪಾಲು ಕಂದುಬಣ್ಣಕ್ಕೆ ತಿರುಗಿ, ಎಳೆದರೆ ಸಿಪ್ಪೆ ಕಳಚಿ ಬರುತ್ತಿವೆ. ಉದ್ದದ ಕವಲಿನ ಬುಡ ಮೆತ್ತಗಾಗಿದೆ. ಹೂತೊಟ್ಟು ಇರುವ ಗಿಡ್ಡ ಕವಲಿನ ಬುಡ ಗಟ್ಟಿಯಾಗಿದ್ದು, ಅದಕ್ಕೆ ಬೆಳ್ಳಗಿನ ಬೇರುಗಳು ಒಂದಷ್ಟು ಉಳಿದಿವೆ. ಈಗ ಗಿಡ ಹಳೆಯ ಪತ್ರಿಕೆಯ ಮೇಲೆ ಮಲಗಿದೆ. ಮುಂದೇನು ಮಾಡಲಿ?

ಬೇರುಬಿಳಲು

ಒಳ್ಳೆಯ ಬೇರು ಸ್ವಲ್ಪವಾದರೂ ಇದೆ ಎಂದರೆ ಈ ಗಿಡ ಉಳಿಯುತ್ತದೆ. ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿ, ಮೆತ್ತಗಾದ ಬೇರುಗಳನ್ನೆಲ್ಲ ಕತ್ತರಿಸಿ ತೆಗೆಯಿರಿ. ಈ ಕೆಲಸದಲ್ಲಿ ಮರುಕ ಬೇಡ. ಹಳೆಯ ಮಣ್ಣನ್ನೂ ಪೂರ್ತಿ ಬಿಡಿಸಿ.

ಗಿಡ್ಡ ಕವಲನ್ನು ಅದರ ಬೇರಿನೊಂದಿಗೆ ಹಾಗೆಯೇ ನೆಡಬೇಕು. ಕುಂಡ ಚಿಕ್ಕದಿರಲಿ. ಉಳಿದ ಬೇರು ಹಿಡಿಸುವಷ್ಟು, ಅದರ ಸುತ್ತ ಒಂದೆರಡು ಸೆಂಟಿಮೀಟರ್ ಜಾಗವಿರುವಷ್ಟು ಸಾಕು, ತಳದಲ್ಲಿ ತೂತುಗಳಿರಲೇಬೇಕು. ಪ್ರೀತಿಯಿಂದ ದೊಡ್ಡ ಕುಂಡ ಕೊಟ್ಟರೆ, ಬೇರು ತಲುಪದ ಮಣ್ಣಿನಲ್ಲಿ ನೀರು ನಿಂತು ಮತ್ತೆ ಅದೇ ಕೊಳೆ ಶುರುವಾಗುತ್ತದೆ. ತೊಗಟೆಯ ಚೂರು ಅಥವಾ ತೆಂಗಿನ ಸಿಪ್ಪೆಯ ತುಂಡುಗಳು ಅರ್ಧದಷ್ಟು, ಉಳಿದ ಅರ್ಧದಲ್ಲಿ ಪರ್ಲೈಟ್ (ಮಣ್ಣನ್ನು ಸಡಿಲವಾಗಿಡುವ ಹಗುರವಾದ ಬಿಳಿ ಹರಳು) ಮತ್ತು ತೆಂಗಿನ ನಾರಿನ ಪುಡಿ ಸಮಸಮ. ಹಿಡಿಯಲ್ಲಿ ಹಿಂಡಿ ಬಿಟ್ಟರೆ ಮಿಶ್ರಣ ಉಂಡೆಯಾಗದೆ ಉದುರಬೇಕು.

ಉದ್ದದ ಕವಲನ್ನು ಅದರ ಬುಡದಲ್ಲಿ ಉಳಿಸಲು ಹೋಗಬೇಡಿ. ಕೊಳೆ ಮೇಲಕ್ಕೆ ಹತ್ತುವ ಮೊದಲೇ, ಗಟ್ಟಿ ಭಾಗದಿಂದ ಎರಡೆರಡು ಗೆಣ್ಣುಗಳಿರುವ ತುಂಡುಗಳನ್ನು ಮಾಡಿ. ಒಳಗಿನ ಕಾಂಡ ಹಸಿರಾಗಿಯೇ ಕಾಣಬೇಕು, ಕಂದು ಗೆರೆ ಕಂಡರೆ ಇನ್ನೂ ಮೇಲಕ್ಕೆ ಕತ್ತರಿಸಿ. ಸುರಿಯುವ ಹಾಲನ್ನು ನೀರಿನಲ್ಲಿ ತೊಳೆದು, ಗಾಯ ಒಣಗಲು ಕೆಲವು ಗಂಟೆ ಬಿಡಿ. ಕೆಳಗಿನ ಗೆಣ್ಣಿನ ಎಲೆಗಳನ್ನು ತೆಗೆದು ಆ ಗೆಣ್ಣು ಒದ್ದೆ ಸ್ಫಾಗ್ನಮ್ ಪಾಚಿ (ನರ್ಸರಿಗಳಲ್ಲಿ ಸಿಗುವ ಮಾಸ್) ಅಥವಾ ಪರ್ಲೈಟ್‌ನೊಳಗೆ ಹೂತಿರುವಂತೆ ನೆಟ್ಟು, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಮುಚ್ಚಿ. ಬೇರಿಲ್ಲದ ತುಂಡಿಗೆ ನೀರು ಕುಡಿಯುವ ದಾರಿಯಿಲ್ಲ, ಇರುವ ನೀರು ಆರಿಹೋಗದಂತೆ ಚೀಲ ಕಾಯುತ್ತದೆ. ಬೆಚ್ಚಗಿನ ಜಾಗದಲ್ಲಿ ಮೂರರಿಂದ ಆರು ವಾರಗಳಲ್ಲಿ ಬೇರು ಬರುತ್ತದೆ. ಉದುರಿದ ಬಿಡಿ ಎಲೆಗಳನ್ನು ಮಾತ್ರ ನೆಡಬೇಡಿ. ಗೆಣ್ಣಿಲ್ಲದ ಎಲೆ ಬೇರು ಬಿಟ್ಟರೂ ಕುಡಿ ಒಡೆಯಲು ಅದಕ್ಕೆ ಮೊಗ್ಗಿಲ್ಲ. ಹೃದಯದ ಆಕಾರದ ಒಂಟಿ ಎಲೆಯಾಗಿ ಮಾರಾಟವಾಗುವ ಹೋಯಾ ಕೆರ್ರಿ ವರ್ಷಗಟ್ಟಲೆ ಒಂದೇ ಎಲೆಯಾಗಿ ಕುಳಿತಿರುವುದು ಬಹುಮಟ್ಟಿಗೆ ಇದೇ ಕಾರಣಕ್ಕೆ.

ಜಾಗದ ವಿಷಯದಲ್ಲಿ, ಪ್ರಖರ ಬೆಳಕು ಇರಲಿ, ಮಧ್ಯಾಹ್ನದ ನೇರ ಬಿಸಿಲು ಈಗ ಬೇಡ. ಹೊಸ ಚಿಗುರು ಕಾಣುವವರೆಗೆ ಗೊಬ್ಬರ ಹಾಕಲೇಬಾರದು. ಕೆಲಸ ಮಾಡುವ ಬೇರಿಲ್ಲದ ಕಡೆ ಗೊಬ್ಬರದ ಲವಣ ಶೇಖರವಾಗಿ ಇರುವ ಬೇರನ್ನೂ ಸುಡುತ್ತದೆ. ಕುಂಡವನ್ನು ನೆಟ್ಟ ದಿನ ಒಮ್ಮೆ ಎತ್ತಿ ನೋಡಿ ಭಾರ ನೆನಪಿಟ್ಟುಕೊಳ್ಳಿ. ಕೈಗೆ ಹಗುರವೆನಿಸಿದ ಮೇಲಷ್ಟೇ ನೀರು.

ಮುಂಜಾವು (ಆರು ವಾರಗಳ ನಂತರ)

ಹೇಳಿದಂತೆಯೇ ಮಾಡಿದೆ. ಮೂರು ತುಂಡುಗಳಲ್ಲಿ ಎರಡಕ್ಕೆ ಬೇರು ಬಂದಿದೆ. ಮೂರನೆಯದು ಕಪ್ಪಾಯಿತು. ತಾಯಿ ಬಳ್ಳಿಯ ಎರಡು ಎಲೆಗಳು ಹಳದಿಯಾಗಿ ಉದುರಿದವು, ಉಳಿದವು ಬಿಗಿಯಾಗತೊಡಗಿವೆ. ಆದರೆ ಇವತ್ತು ಎಲೆಯ ಕಂಕುಳಲ್ಲಿ ಹತ್ತಿಯ ಚೂರಿನಂತಹ ಬಿಳಿ ಉಂಡೆಗಳು ಕಂಡವು. ಮುಟ್ಟಿದರೆ ಅಂಟು.

ಕುಂಡದಂಚು

ಅದು ಹಿಟ್ಟುತಿಗಣೆ. ದೂರ ಇಟ್ಟಿದ್ದು ಒಳ್ಳೆಯದಾಯಿತು. ಹತ್ತಿ ಸುತ್ತಿದ ಕಡ್ಡಿಯನ್ನು ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ ಒಂದೊಂದನ್ನೂ ಮುಟ್ಟಿಸಿ ಒರೆಸಿ ತೆಗೆಯಿರಿ. ಮೊದಲು ಒಂದೇ ಎಲೆಯ ಮೇಲೆ ಪ್ರಯೋಗಿಸಿ ಒಂದು ದಿನ ನೋಡಿ. ಅದರ ಮೈಮೇಲಿನ ಮೇಣದ ಹೊದಿಕೆ ಬರಿಯ ನೀರಿಗೆ ಜಗ್ಗುವುದಿಲ್ಲ, ಆಲ್ಕೊಹಾಲ್ ಅದನ್ನು ಕರಗಿಸುತ್ತದೆ. ಒಮ್ಮೆ ಮಾಡಿ ಬಿಟ್ಟರೆ ಪ್ರಯೋಜನವಿಲ್ಲ, ಬಿಳಿ ಚೀಲದೊಳಗಿನ ಮೊಟ್ಟೆಗಳು ಆಮೇಲೆ ಒಡೆಯುತ್ತವೆ. ವಾರಕ್ಕೊಮ್ಮೆಯಂತೆ ಕನಿಷ್ಠ ನಾಲ್ಕು ವಾರ ಮಾಡಿ. ಹೂತೊಟ್ಟಿನ ಬುಡ, ಎಲೆಯ ಅಡಿಭಾಗ, ಕುಂಡದ ಅಂಚಿನ ಒಳಮೈ, ಇವು ಅದು ಅಡಗುವ ಜಾಗಗಳು. ಒಮ್ಮೊಮ್ಮೆ ಬೇರಿನಲ್ಲೂ ಇರುತ್ತದೆ, ತೂತುಗಳ ಮೂಲಕ ಬಿಳಿ ಪುಡಿ ಕಾಣುತ್ತದೆಯೇ ನೋಡಿ.

ಮುಂದೆ ಎಳೆಯ ಕುಡಿಯ ಮೇಲೆ ಹಳದಿ ಬಣ್ಣದ ಹೇನುಗಳು ಕಂಡರೆ ಗಾಬರಿಯಾಗಬೇಡಿ. ಎಕ್ಕ, ಕಣಗಿಲೆಗಳ ಮೇಲೆ ಮುತ್ತುವ ಅದೇ ಸಸ್ಯಹೇನು ಹೋಯಾಕ್ಕೂ ಬರುತ್ತದೆ, ನೀರಿನ ರಭಸಕ್ಕೆ ತೊಳೆದುಹೋಗುತ್ತದೆ. ಬೇರು ನೋಡಬೇಕೆಂದು ಬೇರುಬಿಳಲು ಅವರು ಒತ್ತಾಯಿಸಿದ್ದು ಸರಿಯಾಗಿತ್ತು ಎಂದು ಇಲ್ಲಿಯೇ ಹೇಳಿಬಿಡುತ್ತೇನೆ.

ಮುಂಜಾವು (ಐದು ತಿಂಗಳ ನಂತರ)

ಹಿಟ್ಟುತಿಗಣೆ ಕಂಡು ಎರಡು ತಿಂಗಳ ಮೇಲಾಯಿತು. ತಾಯಿ ಬಳ್ಳಿಯಲ್ಲಿ ಕಂದುಗೆಂಪು ಬಣ್ಣದ ಒಂದು ಜೊತೆ ಎಳೆಯ ಎಲೆ ಬಂದು ಈಗ ಹಸಿರಾಗಿದೆ. ಅದರ ತುದಿಯಿಂದ ಬರಿಯ ಕುಡಿಯೊಂದು ಚಾಚುತ್ತಿದೆ. ಈ ಸಲ ಅದಕ್ಕೆ ತಂತಿಯ ಬಳೆ ಕಟ್ಟಿಕೊಟ್ಟಿದ್ದೇನೆ. ಹಳೆಯ ಎಲೆಗಳ ಪೈಕಿ ಕೆಲವಕ್ಕೆ ಸುಕ್ಕು ಉಳಿದೇ ಇದೆ. ಎರಡು ಪ್ರಶ್ನೆಗಳಿವೆ. ಹೊಸ ಎಲೆ 8 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಅಗಲವಿದ್ದು ಅಲ್ಲಲ್ಲಿ ಬೆಳ್ಳಿಯ ಚುಕ್ಕೆಗಳಿವೆ. ಇದು ಕಾರ್ನೋಸಾವೇ ಎಂದು ಕುಂಡದ ಮೇಲೆ ಬರೆದಿಡಬಹುದೇ? ಹೂತೊಟ್ಟಿನ ತುದಿ ಕಂದಾಗಿದೆ, ಅದು ಸತ್ತಿತೇ?

ಎಲೆತೊಟ್ಟು

ಎಳೆಯ ಎಲೆ ಬಂದ ಸುದ್ದಿ ಓದಿ ತುಂಬ ಸಂತೋಷವಾಯಿತು. ಸುಕ್ಕು ಉಳಿದ ಎಲೆಗಳನ್ನು ತೆಗೆಯಬೇಡಿ. ಅವು ಪೂರ್ತಿ ತುಂಬಿಕೊಳ್ಳದಿದ್ದರೂ ಬಳ್ಳಿಗೆ ಆಹಾರ ತಯಾರಿಸುತ್ತಲೇ ಇರುತ್ತವೆ. ಹೊಸ ಎಲೆ ಗಟ್ಟಿಯಾಗಿರುವುದರಿಂದ, ಪೊಟ್ಟಣದ ಮೇಲೆ ಹೇಳಿದ ಪ್ರಮಾಣದ ಅರ್ಧದಷ್ಟು ತೆಳುವಾಗಿಸಿದ ಗೊಬ್ಬರವನ್ನು ಇನ್ನು ತಿಂಗಳಿಗೊಮ್ಮೆ ಕೊಡಬಹುದು.

ಬೆಳ್ಳಿ ಚುಕ್ಕೆ ಕಾರ್ನೋಸಾದಲ್ಲೂ ಬರುತ್ತದೆ, ಅದಕ್ಕೆ ಸಮೀಪದ ಇನ್ನೊಂದು ಹೋಯಾ ಆದ ಪ್ಯುಬಿಕೇಲಿಕ್ಸ್‌ನಲ್ಲಿ ಇನ್ನೂ ಹೆಚ್ಚಾಗಿ ಬರುತ್ತದೆ. ಪ್ಯುಬಿಕೇಲಿಕ್ಸ್‌ನ ಎಲೆ ಸಾಮಾನ್ಯವಾಗಿ ಇದಕ್ಕಿಂತ ಉದ್ದ ಮತ್ತು ಕಿರಿದು. ನಿಮ್ಮ ಅಳತೆ ಕಾರ್ನೋಸಾದ ಕಡೆಗೆ ವಾಲುತ್ತದೆ, ಆದರೆ ತೋಟಗಾರರು ಇವೆರಡನ್ನೂ ಕೂಡಿಸಿ ಮಿಶ್ರತಳಿಗಳನ್ನೂ ಮಾಡಿದ್ದಾರೆ. ಹೂ ಕಾಣುವವರೆಗೆ ಹೋಯಾ ಎಂದಷ್ಟೇ ಬರೆದು, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಕಾರ್ನೋಸಾ ಎಂದು ಸೇರಿಸಿ.

ಹೂತೊಟ್ಟನ್ನು ಕೆರೆದು ಪರೀಕ್ಷಿಸಬೇಡಿ. ಅದು ಕಾಂಡಕ್ಕೆ ಸೇರುವ ಬುಡದ ಬಣ್ಣ ನೋಡಿ. ತುದಿ ಕಂದಾಗಿದ್ದೂ ಬುಡ ಹಸಿರಾಗಿ, ಗಟ್ಟಿಯಾಗಿದ್ದರೆ ಜೀವವಿದೆ. ನಿಜವಾಗಿ ಸತ್ತಿದ್ದರೆ ಒಂದು ದಿನ ತಾನಾಗಿಯೇ ಕಳಚಿ ಬೀಳುತ್ತದೆ.

ಮುಂಜಾವು

ಈಗಷ್ಟೇ ಬೆಳಕಿಗೆ ಹಿಡಿದು ನೋಡಿದೆ. ಬುಡ ಹಸಿರಾಗಿಯೇ ಇದೆ.